ಸಭೆಗೆ ಹಾಡಲು ಕಲಿಸಿದ ಮಾರ್ಟಿನ್ ಲೂಥರನು

ಮಾರ್ಟಿನ್ ಲೂಥರನ ಹೆಸರನ್ನು ಕೇಳದವರು ನಮ್ಮ ಸಭೆಗಳಲ್ಲಿ ವಿರಳ. ಅವನು 1517ರಲ್ಲಿ ಕ್ಷಮಾಪತ್ರಗಳ ಮಾರಾಟವನ್ನು ಎದುರಿಸಿ 95 ವಾಕ್ಯಗಳನ್ನು ಬರೆದದ್ದನ್ನೂ ಸತ್ಯವೇದವನ್ನು ಜರ್ಮನ್ ಭಾಷೆಗೆ ತಂದದ್ದನ್ನೂ ಅನೇಕರು ಬಲ್ಲರು. ಆದರೆ ಅವನು ದೇವಾರಾಧನೆಯ ಸಂಗೀತವನ್ನು ಕ್ರಮಪಡಿಸಿ, ಸುಮ್ಮನೆ ನಿಂತಿದ್ದ ಸಭೆಯನ್ನು ಹಾಡುವ ಸಭೆಯಾಗಿ ಮಾಡಿದ್ದು ಅಷ್ಟಾಗಿ ತಿಳಿದಿಲ್ಲ. ಅದನ್ನೇ ಇಲ್ಲಿ ಹೇಳುವೆವು.

ಲೂಥರನು 1483ನೆಯ ನವೆಂಬರ್ 10ರಲ್ಲಿ ಜರ್ಮನ್ ದೇಶದ ಐಸ್ಲೆಬೆನ್ ಎಂಬ ಊರಲ್ಲಿ ಹುಟ್ಟಿದನು. ಐಸೆನಾಖ್ ಪಟ್ಟಣದಲ್ಲಿ ಓದುತ್ತಿದ್ದಾಗ, ಆ ಕಾಲದ ವಿದ್ಯಾರ್ಥಿಗಳ ವಾಡಿಕೆಯಂತೆ, ಮನೆಗಳ ಬಾಗಲಲ್ಲಿ ಹಾಡಿ ರೊಟ್ಟಿ ಬೇಡುತ್ತಿದ್ದನು. ಲ್ಯೂಟ್ ಎಂಬ ತಂತಿವಾದ್ಯವನ್ನು ನುಡಿಸಲೂ ಕಲಿತನು. 1505ರಲ್ಲಿ ಎರ್ಫುರ್ಟಿನ ಮಠವನ್ನು ಸೇರಿದ ಮೇಲೆ ಹಗಲಿರುಳು ನೇಮಕವಾದ ಹೊತ್ತುಗಳಲ್ಲಿ ಲತೀನ್ ಭಾಷೆಯ ಕೀರ್ತನೆಗಳನ್ನು ಹಾಡುವದು ಅವನ ನಿತ್ಯ ಕೆಲಸವಾಯಿತು.

ಆಗಿನ ದೇವಾಲಯಗಳಲ್ಲಿ ಯಾಜಕರೂ ಗಾಯಕರೂ ಲತೀನಿನಲ್ಲಿ ಹಾಡುವರು. ಒಕ್ಕಲಿಗನೂ ಕಮ್ಮಾರನೂ ಅವರ ಹೆಂಡಿರು ಮಕ್ಕಳೂ ನಿಂತು ನೋಡುವರು. ಹಬ್ಬಗಳಲ್ಲಿ ಹಾಡುವ ಸ್ವಭಾಷೆಯ ಕೆಲವು ಹಾಡುಗಳು ಇದ್ದರೂ ಆರಾಧನೆಯ ಮುಖ್ಯ ಭಾಗದಲ್ಲಿ ಜನರಿಗೆ ಪಾಲು ಇರಲಿಲ್ಲ. ಅರ್ಥ ತಿಳಿಯದವನು ಆಮೆನ್ ಅನ್ನುವದು ಹೇಗೆಂದು ಪೌಲನು ಕೊರಿಂಥದವರನ್ನು ಕೇಳಿದ ಪ್ರಶ್ನೆಯು ಆ ಸಭೆಗಳಿಗೂ ತಕ್ಕದ್ದಾಗಿತ್ತು.

1523ನೆಯ ಜುಲೈ 1ರಲ್ಲಿ ಬ್ರಸೆಲ್ಸ್ ಪಟ್ಟಣದಲ್ಲಿ, ಸುವಾರ್ತೆಯ ಬೋಧನೆಯನ್ನು ಬಿಡಲೊಲ್ಲದ ಇಬ್ಬರು ಸನ್ಯಾಸಿಗಳನ್ನು ಬೆಂಕಿಯಲ್ಲಿ ಸುಟ್ಟರು. ಲೂಥರನು ಬಹಳ ನೊಂದು ಅವರ ಸಾಕ್ಷಿಯನ್ನು ಹಾಡಾಗಿ ಕಟ್ಟಿದನು. ಅವನ ಹಾಡುಗಳಲ್ಲಿ ಇದೇ ಮೊದಲನೆಯದೆಂದು ಎಣಿಸುತ್ತಾರೆ. ಆ ವರುಷದ ಕೊನೆಯಲ್ಲಿ ಅವನು ತನ್ನ ಸ್ನೇಹಿತನಾದ ಸ್ಪಲಾಟಿನನಿಗೆ ಕಾಗದ ಬರೆದು, ಕೀರ್ತನೆಗಳನ್ನು ಜರ್ಮನ್ ಹಾಡುಗಳಾಗಿ ರಚಿಸಬೇಕೆಂದು ಬೇಡಿದನು. ಅರಮನೆಯ ಹೊಸ ಮಾತುಗಳು ಬೇಡ, ಸಾಮಾನ್ಯ ಜನರ ಮಾತುಗಳೇ ಇರಲಿ, ಆದರೂ ಅರ್ಥವು ಶುದ್ಧವಾಗಿರಲಿ ಎಂಬದು ಅವನ ಅಪೇಕ್ಷೆ. 1524ರಲ್ಲಿ ಎಂಟು ಹಾಡುಗಳ ಚಿಕ್ಕ ಪುಸ್ತಕವು ಅಚ್ಚಾಯಿತು. ಅವುಗಳಲ್ಲಿ ನಾಲ್ಕು ಲೂಥರನವು. ಅದೇ ವರುಷ ಯೋಹಾನ್ ವಾಲ್ಟರ್ ಎಂಬ ಸಂಗೀತಗಾರನು ಗಾಯಕರಿಗಾಗಿ ಹಲವು ಸ್ವರಗಳ ಗೀತಪುಸ್ತಕವನ್ನು ಹೊರಡಿಸಿದನು. ಯೌವನಸ್ಥರು ಕೆಟ್ಟ ಹಾಡುಗಳನ್ನು ಬಿಟ್ಟು ಒಳ್ಳೆಯದನ್ನು ಕಲಿಯಲೆಂದು ಲೂಥರನು ಅದಕ್ಕೆ ಮುನ್ನುಡಿ ಬರೆದನು.

ಮಾತನ್ನು ಮಾತ್ರ ಬದಲಿಸಿ ಲತೀನ್ ರಾಗಕ್ಕೆ ಜೋಡಿಸಿದರೆ ಸಾಲದೆಂದು ಅವನು ಕಂಡನು. ಮಾತೂ ರಾಗವೂ ಒತ್ತೂ ಮಾತೃಭಾಷೆಯಿಂದಲೇ ಹುಟ್ಟಬೇಕು. ಈ ಕೆಲಸಕ್ಕಾಗಿ 1525ರಲ್ಲಿ ವಾಲ್ಟರನನ್ನೂ ಕೊನ್ರಾಡ್ ರುಪ್ಶನನ್ನೂ ವಿಟ್ಟೆನ್‌ಬೆರ್ಗಿಗೆ ಕರೆಸಿದನು. ವಾಲ್ಟರನು ಮೂರು ವಾರ ಅಲ್ಲಿದ್ದು ಲೂಥರನೊಂದಿಗೆ ಕೆಲಸಮಾಡಿದನು. ಕ್ರಿಸ್ತನ ಮಾತುಗಳು ಸೌಮ್ಯವಾದವುಗಳೆಂದು ಸುವಾರ್ತಾ ಪಾಠಕ್ಕೆ ಒಂದು ಸ್ವರಕ್ರಮವನ್ನೂ, ಪೌಲನು ಗಂಭೀರನೆಂದು ಪತ್ರಿಕೆಯ ಪಾಠಕ್ಕೆ ಬೇರೊಂದನ್ನೂ ಆರಿಸಿದರು. ಅಕ್ಟೋಬರ್ 29ರಲ್ಲಿ ಆ ಕ್ರಮವನ್ನು ಮೊದಲ ಸಾರಿ ನಡಿಸಿ, ಕ್ರಿಸ್ಮಸ್ ಹಬ್ಬದಿಂದ ಸ್ಥಿರಪಡಿಸಿ, 1526ರಲ್ಲಿ ಅಚ್ಚುಹಾಕಿಸಿದರು. ಆರಂಭದಲ್ಲಿ ಒಂದು ಗೀತ, ಎರಡು ಪಾಠಗಳ ನಡುವೆ ಒಂದು, ಪ್ರಸಂಗಕ್ಕೆ ಮೊದಲು ಗೀತರೂಪವಾದ ವಿಶ್ವಾಸಪ್ರಮಾಣ, ಕರ್ತನ ಭೋಜನದ ಹೊತ್ತಿಗೆ ಬೇರೆ ಗೀತಗಳು. ಹೀಗೆ ಒಂದೊಂದು ಹಾಡಿಗೂ ಒಂದೊಂದು ಸ್ಥಳವಿತ್ತು.

ಇಷ್ಟಾದರೂ ಜನರು ಕೂಡಲೇ ಹಾಡಲಿಲ್ಲ. ಓದಬಲ್ಲವರು ಕೊಂಚ, ಹಾಡಿಗೆ ಜೊತೆಗೊಡುವ ವಾದ್ಯವೂ ಇರಲಿಲ್ಲ. ಹಾಡು ಕಲಿಯದ ಸಭೆಯನ್ನು ಲೂಥರನು ಪ್ರಸಂಗಪೀಠದಿಂದಲೇ ಗದರಿಸಿದ್ದುಂಟು. ಆದರೆ ಪ್ರಯತ್ನವನ್ನು ಬಿಡಲಿಲ್ಲ. ಉಪಾಧ್ಯಾಯನಿಗೆ ಹಾಡಲು ಬರಬೇಕೆಂದು ಅವನು ಸಾಧಿಸುತ್ತಿದ್ದನು. ಶಾಲೆಯಲ್ಲಿ ಕಲಿತ ಹುಡುಗರು ದೇವಾಲಯದಲ್ಲಿ ಮುಂದಾಗಿ ಹಾಡಿದರು. ದೊಡ್ಡವರು ಕೇಳಿ ಕೇಳಿ ಬಾಯಿಪಾಠ ಮಾಡಿದರು.

1542ರಲ್ಲಿ ಅವನ 13 ವರುಷದ ಮಗಳಾದ ಮಗ್ದಲೇನಳು ತೀರಿಹೋದಳು. ಅದೇ ವರುಷದಲ್ಲಿ ಅವನು ಶವಸಂಸ್ಕಾರದ ಗೀತಗಳನ್ನು ಮುನ್ನುಡಿಯೊಂದಿಗೆ ಪ್ರಕಟಿಸಿ, ಕ್ರೈಸ್ತರ ಸಮಾಧಿಯ ಬಳಿಯಲ್ಲಿ ನಿರೀಕ್ಷೆಯಿಲ್ಲದ ಗೋಳಾಟವಲ್ಲ, ಪುನರುತ್ಥಾನದ ಹಾಡು ಕೇಳಬೇಕೆಂದು ಬೋಧಿಸಿದನು. 1546ನೆಯ ಫೆಬ್ರುವರಿ 18ರಲ್ಲಿ ತಾನು ಹುಟ್ಟಿದ ಐಸ್ಲೆಬೆನಿನಲ್ಲೇ ಕರ್ತನಲ್ಲಿ ನಿದ್ರೆಹೋದನು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಜರ್ಮನ್ ಸಭೆಗಳ ರಾಗಗಳನ್ನು ತಂದು ಅವುಗಳಿಗೆ ಕನ್ನಡದ ಮಾತುಗಳನ್ನು ಕೊಟ್ಟರು. ಆದಕಾರಣ ಲೂಥರನ ಪ್ರಯಾಸದ ಫಲವು ನಮಗೂ ಮುಟ್ಟಿದೆ.

ಗ್ರಾಮಸಭೆಗಳ ಹಿರಿಯರೇ, ಹಾಡುವದು ಪ್ರಸಂಗಕ್ಕೆ ಮುಂಚೆ ಹೊತ್ತು ಕಳೆಯುವ ಕೆಲಸವಲ್ಲ. ಓದು ಬಾರದವನೂ ದೇವರ ವಾಕ್ಯವನ್ನು ಮನೆಗೂ ಹೊಲಕ್ಕೂ ಒಯ್ಯುವ ದಾರಿ ಅದು. ಆದುದರಿಂದ ಭಾನುವಾರದ ಗೀತಗಳನ್ನು ಆ ದಿನದ ಪಾಠಕ್ಕೆ ಹೊಂದುವಂತೆ ಶನಿವಾರವೇ ಆರಿಸೋಣ. ಹೊಸ ಹಾಡನ್ನು ಮೊದಲು ಮಕ್ಕಳಿಗೆ ಕಲಿಸೋಣ. ಒಂದನ್ನು ಹಲವು ವಾರ ಹಾಡಿ ಎಲ್ಲರಿಗೂ ಬಂದ ಮೇಲೆಯೇ ಮತ್ತೊಂದಕ್ಕೆ ಹೋಗೋಣ. ಕಲಿಯಲು ತಡವಾದವರನ್ನು ತಾಳಿಕೊಳ್ಳೋಣ. ಹಾಡುವ ಬಾಯಿಯನ್ನೂ ಗ್ರಹಿಸುವ ಹೃದಯವನ್ನೂ ಕರ್ತನು ನಮ್ಮೆಲ್ಲರಿಗೆ ಅನುಗ್ರಹಿಸಲಿ.