ಯಲ್ಲಾಪ್ರಗಡ ಸುಬ್ಬರಾಯರು: ರಕ್ತಕಣದ ಹಸಿವನ್ನು ಅರಿತ ವಿಜ್ಞಾನಿ

ಪೆರಿಯಾರ್ ಅಣೆಕಟ್ಟಿನ ನೀರು ಪಶ್ಚಿಮಘಟ್ಟವನ್ನು ದಾಟಿ ನಮ್ಮ ಕಂಬಂ ಕಣಿವೆಗೆ ಹರಿದುಬಂದ 1895ನೆಯ ಇಸವಿಯಲ್ಲಿಯೇ, ಅದೇ ಮದರಾಸು ಪ್ರಾಂತ್ಯದ ಭೀಮಾವರದಲ್ಲಿ ಯಲ್ಲಾಪ್ರಗಡ ಸುಬ್ಬರಾಯರು ಜನಿಸಿದರು. ಬಡತನದಲ್ಲಿದ್ದ ತಾಯಿ ವೆಂಕಮ್ಮನವರು ತಮ್ಮ ಒಡವೆಗಳನ್ನು ಮಾರಿ ಮಗನನ್ನು ಓದಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆ ಮೂರನೆಯ ಯತ್ನಕ್ಕೆ ಕೈಗೂಡಿತು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಅದರಿಂದ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದರು. ಎಂ.ಬಿ.ಬಿ.ಎಸ್. ಪದವಿಗೆ ಬದಲಾಗಿ ಕೆಳದರ್ಜೆಯ ಎಲ್.ಎಂ.ಎಸ್. ಅವರ ಪಾಲಿಗೆ ಬಂತು.

ಉಂಡ ಅನ್ನದ ಸಾರವನ್ನು ಕರುಳು ಹೀರಿಕೊಳ್ಳಲಾಗದ ಸ್ಪ್ರೂ ಎಂಬ ರೋಗಕ್ಕೆ ಅವರ ಸೋದರರು ಬಲಿಯಾದರು. ಅದೇ ರೋಗಕ್ಕೆ ತುತ್ತಾದ ಸುಬ್ಬರಾಯರು ವೈದ್ಯ ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ ಉಳಿದುಕೊಂಡರು. ಮುಂದೆ ಅಮೆರಿಕೆಗೆ ತೆರಳಿ, ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಚಾಕರಿ ಮಾಡುತ್ತ ಹಾರ್ವರ್ಡ್‌ನಲ್ಲಿ ವ್ಯಾಸಂಗ ನಡೆಸಿದರು. ಸೈರಸ್ ಫಿಸ್ಕೆಯವರೊಡನೆ ರಕ್ತದಲ್ಲಿನ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಆದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆಯನ್ನು ನೀಡಲಿಲ್ಲ. 1940ರಲ್ಲಿ ಅವರು ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು.

ಅಲ್ಲಿ ಅವರ ನೇತೃತ್ವದ ತಂಡವು 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಈ ಜೀವಸತ್ವವಿಲ್ಲದೆ ಅಸ್ಥಿಮಜ್ಜೆಯ ಕಣಗಳು ಡಿ.ಎನ್.ಎ.ಯನ್ನು ಸರಿಯಾಗಿ ರಚಿಸಲಾರವು. ಬಲಿಯದೆ ದೊಡ್ಡದಾಗಿಯೇ ಉಳಿದುಬಿಡುತ್ತವೆ. ಸ್ಪ್ರೂ ರೋಗಿಗಳ ರಕ್ತಹೀನತೆಗೂ ಇದೇ ಮೂಲ. ಸೋದರರನ್ನು ಕೊಂದ ರೋಗಕ್ಕೆ ಅವರ ಕೈಯಿಂದಲೇ ಮದ್ದು ದೊರೆಯಿತು.

ಆದರೆ ರಕ್ತದ ಕ್ಯಾನ್ಸರ್‌ನಲ್ಲಿ ಈ ಪೋಷಣೆಯೇ ಮುಳುವಾಯಿತು. ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಪಡೆದ ಮಕ್ಕಳಲ್ಲಿ ರೋಗವು ಉಲ್ಬಣಿಸಿದಂತೆ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರಿಗೆ ಕಂಡಿತು. ಹಾಗಾದರೆ ಆ ಪೋಷಣೆಯನ್ನು ತಡೆದರೆ? ಸುಬ್ಬರಾಯರ ತಂಡವು ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದರ ಕೆಲಸವನ್ನು ಕೆಡಿಸುವ ಅಮಿನಾಪ್ಟೆರಿನ್ ಎಂಬ ಔಷಧವನ್ನು ಒದಗಿಸಿತು. 1948ರಲ್ಲಿ ಫಾರ್ಬರ್ ವರದಿ ಮಾಡಿದಂತೆ, ಅದನ್ನು ಪಡೆದ 16 ಮಕ್ಕಳಲ್ಲಿ 10 ಮಂದಿ ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡರು. ಅಲ್ಲಿಯವರೆಗೆ ಆ ರೋಗದೆದುರು ವೈದ್ಯರು ನಿರುಪಾಯರಾಗಿದ್ದರು.

ಎಲ್ಲ ರಕ್ತದ ಕ್ಯಾನ್ಸರೂ ಒಂದೇ ಅಲ್ಲ. ಅಮಿನಾಪ್ಟೆರಿನ್ ವರ್ಗದ ಮದ್ದು ನೆಲೆನಿಂತದ್ದು ಲಿಂಫಾಯ್ಡ್ ಬಗೆಯಲ್ಲಿ. ಮೈಲಾಯ್ಡ್ ಬಗೆಗೆ ಬೇರೆಯೇ ಚಿಕಿತ್ಸೆ ಬೇಕು. ಬಲಿಯದ ಬಿಳಿಕಣದೊಳಗೆ ಸೂಜಿಯಂತೆ ಕೆಂಪಗೆ ಕಾಣುವ ಕಡ್ಡಿಗಳನ್ನು ಜಾನ್ ಆಯರ್ 1906ರಲ್ಲಿಯೇ ವರ್ಣಿಸಿದ್ದರು. ಅವು ಮೈಲಾಯ್ಡ್ ಕಣದ ಗುರುತೆಂಬುದು ಮುಂದೆ ಸ್ಪಷ್ಟವಾಯಿತು. ಆದುದರಿಂದ ಇಂದಿಗೂ ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಹರಡಿ, ಬಣ್ಣಕಟ್ಟಿ, ಸೂಕ್ಷ್ಮದರ್ಶಕದಲ್ಲಿ ತಾಳ್ಮೆಯಿಂದ ನೋಡುವ ಕಣ್ಣಿಗೆ ಬೆಲೆಯಿದೆ. ಕಣವನ್ನು ಗುರುತಿಸಿದ ಬಳಿಕವೇ ಮದ್ದಿನ ಮಾತು.

ಫಾರ್ಬರ್ ಅವರ ವರದಿ ಪ್ರಕಟವಾದ ಕೆಲವೇ ವಾರಗಳಲ್ಲಿ, 1948ರ ಆಗಸ್ಟ್‌ನಲ್ಲಿ, ಸುಬ್ಬರಾಯರು 53ನೆಯ ವಯಸ್ಸಿನಲ್ಲಿ ನಿಧನರಾದರು. ತಾಯ್ನಾಡಿಗೆ ಅವರು ಮರಳಲೇ ಇಲ್ಲ. ಆನೆಕಾಲು ರೋಗಕ್ಕೆ ನಮ್ಮ ಹಳ್ಳಿಗಳಲ್ಲಿ ಹಂಚುವ ಡೈಈಥೈಲ್‌ಕಾರ್ಬಮಝೀನ್ ಮಾತ್ರೆಯೂ ಅವರ ಪ್ರಯೋಗಾಲಯದ ಕೊಡುಗೆಯೇ. ಅವರ ಜನ್ಮಶತಮಾನೋತ್ಸವದ 1995ರಲ್ಲಿ ಭಾರತ ಸರ್ಕಾರವು ಅಂಚೆಚೀಟಿಯನ್ನು ಹೊರತಂದಿತು. ಅಮಿನಾಪ್ಟೆರಿನ್‌ನ ಸೋದರಿ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ.