ಮಕ್ಕಳ ಮಾತನ್ನು ಕೇಳಿಸಿಕೊಂಡ ಕತೆಗಾರ್ತಿ: ಮರಿಯಾ ಎಡ್ಜ್‌ವರ್ತ್

ಬಿ.ಇಡಿ. ತರಗತಿಯಲ್ಲಿ ನಾವೆಲ್ಲ ರೂಸೋ, ಪೆಸ್ಟಲಾಜಿ, ಫ್ರೊಬೆಲ್, ಮಾಂಟೆಸ್ಸರಿ ಇವರ ವಿಚಾರಗಳನ್ನು ಓದುತ್ತೇವೆ. ಆ ಸಾಲಿನಲ್ಲಿ ಸಾಮಾನ್ಯವಾಗಿ ಕಾಣದ ಹೆಸರು ಮರಿಯಾ ಎಡ್ಜ್‌ವರ್ತ್ ಅವರದು. ಇವರು ಐರ್ಲೆಂಡಿನ ಕಾದಂಬರಿಗಾರ್ತಿಯಾಗಿ ಪ್ರಸಿದ್ಧರು. ಆದರೆ ಕಾದಂಬರಿ ಬರೆಯುವ ಮೊದಲು ಇವರು ತಮ್ಮ ಮನೆಯಲ್ಲೇ ಶಿಕ್ಷಕಿಯಾಗಿದ್ದರು.

ಮರಿಯಾ 1768ರ ಜನವರಿ 1ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಹುಟ್ಟಿದರು. ತಂದೆ ರಿಚರ್ಡ್ ಲೊವೆಲ್ ಎಡ್ಜ್‌ವರ್ತ್ ಐರ್ಲೆಂಡಿನ ಜಮೀನುದಾರರು. ಯಂತ್ರಗಳನ್ನು ಕಂಡುಹಿಡಿಯುವ ಹವ್ಯಾಸದವರು. ಜೇಮ್ಸ್ ವಾಟ್, ಎರಾಸ್ಮಸ್ ಡಾರ್ವಿನ್ ಮೊದಲಾದವರು ಅವರ ಸ್ನೇಹಿತರಾಗಿದ್ದರು. ಮರಿಯಾಗೆ ಐದು ವರ್ಷವಾದಾಗ ತಾಯಿ ತೀರಿಕೊಂಡರು. ಡರ್ಬಿ ಮತ್ತು ಲಂಡನ್ನಿನ ಶಾಲೆಗಳಲ್ಲಿ ಓದುತ್ತಿದ್ದಾಗ ಕಣ್ಣಿನ ಕಾಯಿಲೆಯಿಂದ ದೃಷ್ಟಿಯೇ ಹೋಗುವ ಭಯವಿತ್ತು. 1782ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕುಟುಂಬದೊಂದಿಗೆ ಐರ್ಲೆಂಡಿನ ಲಾಂಗ್‌ಫರ್ಡ್ ಪ್ರಾಂತ್ಯದ ಎಡ್ಜ್‌ವರ್ತ್ಸ್‌ಟೌನಿಗೆ ಬಂದರು. ಮುಂದೆ ಜೀವನವಿಡೀ ಅದೇ ಅವರ ಊರಾಯಿತು.

ತಂದೆ ನಾಲ್ಕು ಬಾರಿ ಮದುವೆಯಾದರು. ಅವರಿಗೆ ಒಟ್ಟು 22 ಮಕ್ಕಳು. ಹೀಗಾಗಿ ಮನೆಯೇ ಒಂದು ಶಾಲೆಯಂತಿತ್ತು. ಚಿಕ್ಕ ತಮ್ಮ ತಂಗಿಯರಿಗೆ ಪಾಠ ಹೇಳುವ ಕೆಲಸ ಮರಿಯಾ ಪಾಲಿಗೆ ಬಂತು. ಜೊತೆಗೆ ತಂದೆಯ ಪಕ್ಕದಲ್ಲಿ ಕುಳಿತು ಜಮೀನಿನ ಲೆಕ್ಕ ಬರೆಯುತ್ತಾ, ಗೇಣಿದಾರರ ಅಹವಾಲುಗಳನ್ನೂ ಕೇಳುತ್ತಿದ್ದರು.

ಈ ಮನೆಯ ಶಿಕ್ಷಣ ಪದ್ಧತಿ ಒಂದು ಸೋಲಿನಿಂದ ಆರಂಭವಾದದ್ದು ಎಂಬುದನ್ನು ನಾವು ಗಮನಿಸಬೇಕು. ಹಿರಿಯ ಮಗನನ್ನು ತಂದೆ ರೂಸೋವಿನ ‘ಎಮಿಲ್’ ಗ್ರಂಥದಲ್ಲಿ ಹೇಳಿದಂತೆಯೇ ಬೆಳೆಸಲು ಹೊರಟಿದ್ದರು. ಹುಡುಗ ಧೈರ್ಯವಂತನಾದ, ಗಟ್ಟಿಮುಟ್ಟಾದ. ಆದರೆ ಯಾರ ಮಾತನ್ನೂ ಕೇಳದವನಾದ. ಕೊನೆಗೆ ಹಡಗಿನ ಕೆಲಸಕ್ಕೆ ಸೇರಿ, ಮುಂದೆ ಅಮೆರಿಕದಲ್ಲಿ ನೆಲೆಸಿದ. ಇದಾದ ಮೇಲೆ ಎಡ್ಜ್‌ವರ್ತ್ ಕುಟುಂಬ ಸಿದ್ಧಾಂತವನ್ನು ಬದಿಗಿಟ್ಟು ಮಗುವನ್ನೇ ಗಮನಿಸತೊಡಗಿತು. ಎರಡನೆಯ ತಾಯಿ ಹೊನೋರಾ ಅವರು ಮಕ್ಕಳು ಕೇಳಿದ ಪ್ರಶ್ನೆ, ಕೊಟ್ಟ ಉತ್ತರ, ಮಾಡಿದ ತಪ್ಪು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಲು ಆರಂಭಿಸಿದರು. 1780ರಲ್ಲಿ ಅವರು ತೀರಿಕೊಂಡ ಮೇಲೂ ಮನೆಯಲ್ಲಿ ಈ ಅಭ್ಯಾಸ ಮುಂದುವರಿಯಿತು.

ಈ ಟಿಪ್ಪಣಿಗಳ ಆಧಾರದ ಮೇಲೆ ಮರಿಯಾ ಮತ್ತು ಅವರ ತಂದೆ 1798ರಲ್ಲಿ ‘ಪ್ರ್ಯಾಕ್ಟಿಕಲ್ ಎಜುಕೇಷನ್’ ಗ್ರಂಥವನ್ನು ಪ್ರಕಟಿಸಿದರು. ಅದರ ಮೊದಲ ಅಧ್ಯಾಯವೇ ಆಟಿಕೆಗಳ ಬಗ್ಗೆ. ನೋಡಲು ಮಾತ್ರ ಚೆಂದವಿರುವ ಆಟಿಕೆಗಿಂತ ಮಗು ಬಿಚ್ಚಿ, ಜೋಡಿಸಿ, ಏನಾದರೂ ಮಾಡಬಹುದಾದ ವಸ್ತು ಮೇಲು ಎಂಬುದು ಅವರ ವಾದ. ಅರ್ಥವಾಗದ್ದನ್ನು ಬಾಯಿಪಾಠ ಮಾಡಿಸಬಾರದು, ಪಾಠದ ಅವಧಿ ಚಿಕ್ಕದಾಗಿರಬೇಕು, ಲೆಕ್ಕವನ್ನು ಕೈಗೆ ಸಿಗುವ ವಸ್ತುಗಳಿಂದ ಆರಂಭಿಸಬೇಕು ಎಂದು ತಿಳಿಸಿದರು. ಯಂತ್ರಶಾಸ್ತ್ರ, ರಸಾಯನಶಾಸ್ತ್ರಗಳಿಗೂ ಅದರಲ್ಲಿ ಅಧ್ಯಾಯಗಳಿವೆ. ಕೊನೆಯಲ್ಲಿ ಮಕ್ಕಳ ನಿಜವಾದ ಸಂಭಾಷಣೆಗಳನ್ನೇ ಅನುಬಂಧವಾಗಿ ಕೊಟ್ಟಿದ್ದಾರೆ. ಧರ್ಮಬೋಧನೆಗೆ ಅಧ್ಯಾಯವಿಲ್ಲವೆಂದು ಆ ಕಾಲದಲ್ಲಿ ಪುಸ್ತಕ ಟೀಕೆಗೂ ಗುರಿಯಾಯಿತು.

ಮಕ್ಕಳಿಗಾಗಿ ಅವರು ಬರೆದ ಕತೆಗಳಲ್ಲಿ ನೇರಳೆ ಬಣ್ಣದ ಜಾಡಿಯ ಕತೆ ಬಹಳ ಹೆಸರಾದದ್ದು. ರೋಸಮಂಡ್ ಎಂಬ ಹುಡುಗಿಗೆ ಹೊಸ ಬೂಟು ಬೇಕಾಗಿದೆ. ಆದರೆ ಔಷಧಿ ಅಂಗಡಿಯಲ್ಲಿ ಕಂಡ ನೇರಳೆ ಜಾಡಿಯ ಮೇಲೆ ಮನಸ್ಸು. ತಾಯಿ ಆಯ್ಕೆಯನ್ನು ಮಗಳಿಗೇ ಬಿಡುತ್ತಾಳೆ. ಜಾಡಿ ಮನೆಗೆ ಬಂದ ಮೇಲೆ ಒಳಗಿನ ದ್ರವ ಚೆಲ್ಲಿದರೆ ಉಳಿಯುವುದು ಬರೀ ಗಾಜು! ತಿಂಗಳಿಡೀ ಹರಿದ ಬೂಟಿನಲ್ಲೇ ಓಡಾಡಬೇಕಾಗುತ್ತದೆ. ಆ ತಾಯಿ ತೀರಾ ಕಠಿಣಳಲ್ಲವೇ ಎಂದು ಓದಿದವರು ಇಂದಿಗೂ ಕೇಳುತ್ತಾರೆ.

1800ರಲ್ಲಿ ‘ಕ್ಯಾಸಲ್ ರ‍್ಯಾಕ್‌ರೆಂಟ್’ ಕಾದಂಬರಿ ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ಒಂದು ಜಮೀನುದಾರ ಮನೆತನ ನಾಲ್ಕು ತಲೆಮಾರುಗಳಲ್ಲಿ ಕುಡಿತ, ಸಾಲ, ವ್ಯಾಜ್ಯಗಳಿಂದ ನಾಶವಾದ ಕತೆ ಅದು. ಅದನ್ನು ಹೇಳುವವನು ಥೇಡಿ ಎಂಬ ವೃದ್ಧ ಸೇವಕ, ತನ್ನ ಆಡುಮಾತಿನಲ್ಲೇ ಹೇಳುತ್ತಾನೆ. ತಮ್ಮ ಮನೆಯ ಮೇಲ್ವಿಚಾರಕನ ಮಾತಿನ ಧಾಟಿಯನ್ನು ಕೇಳಿಸಿಕೊಂಡು ಮರಿಯಾ ಈ ಪಾತ್ರವನ್ನು ರೂಪಿಸಿದ್ದರು. ಮಕ್ಕಳ ಮಾತಿಗೆ ಕಿವಿಗೊಟ್ಟ ಅಭ್ಯಾಸವೇ ಇಲ್ಲಿಯೂ ಕೈಹಿಡಿಯಿತು ಎಂದು ನನಗೆ ಅನಿಸುತ್ತದೆ. ವಾಲ್ಟರ್ ಸ್ಕಾಟ್ ತಮ್ಮ ಕಾದಂಬರಿಗಳಿಗೆ ಇವರ ಐರಿಷ್ ಕತೆಗಳೇ ಪ್ರೇರಣೆ ಎಂದು ಒಪ್ಪಿಕೊಂಡರು. ಮುಂದೆ ‘ಬೆಲಿಂಡಾ’ (1801), ‘ದಿ ಆಬ್ಸೆಂಟಿ’ (1812), ‘ಆರ್ಮಂಡ್’ (1817), ‘ಹೆಲೆನ್’ (1834) ಬಂದವು.

ಮರಿಯಾ ಅವರಿಗೂ ಮಿತಿಗಳಿದ್ದವು. ಸೇವಕನ ಮಾತಿನಿಂದ ಅಮರ ಕಾದಂಬರಿ ಬರೆದವರೇ ಶಿಕ್ಷಣ ಗ್ರಂಥದಲ್ಲಿ ಮಕ್ಕಳನ್ನು ಸೇವಕರ ಸಹವಾಸದಿಂದ ದೂರವಿಡಬೇಕೆಂದು ಸಲಹೆ ಕೊಟ್ಟರು. ಎಷ್ಟೇ ಆದರೂ ಅವರು ಜಮೀನುದಾರರ ಮಗಳು. ಆದರೆ ಅದೇ ಊರಿನಲ್ಲಿ 1816ರಲ್ಲಿ ಅವರ ತಮ್ಮ ಲೊವೆಲ್ ತೆರೆದ ಶಾಲೆಯಲ್ಲಿ ಬಡವರು-ಶ್ರೀಮಂತರು, ಕ್ಯಾಥೊಲಿಕರು-ಪ್ರಾಟೆಸ್ಟೆಂಟರು ಒಟ್ಟಿಗೆ ಕಲಿತರು. 1817ರಲ್ಲಿ ತಂದೆ ತೀರಿಕೊಂಡರು. ತಮ್ಮ ಸಾಲದಲ್ಲಿ ಮುಳುಗಿದಾಗ ಜಮೀನಿನ ಆಡಳಿತವನ್ನು ಮರಿಯಾ ಅವರೇ ವಹಿಸಿಕೊಂಡರು.

1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಐರ್ಲೆಂಡಿನಲ್ಲಿ ಭೀಕರ ಕ್ಷಾಮ ಬಂತು. ಎಂಬತ್ತರ ಹತ್ತಿರದ ವಯಸ್ಸಿನಲ್ಲೂ ಮರಿಯಾ ಪರಿಹಾರ ಕಾರ್ಯಕ್ಕೆ ಇಳಿದರು. ಬಡವರ ನಿಧಿಗಾಗಿಯೇ 1848ರಲ್ಲಿ ‘ಆರ್ಲಾಂಡಿನೊ’ ಎಂಬ ಕತೆ ಬರೆದರು. ಅವರ ಕತೆಗಳನ್ನು ಓದಿ ಬೆಳೆದ ಅಮೆರಿಕದ ಬೋಸ್ಟನ್ ನಗರದ ಮಕ್ಕಳು ಅವರ ಊರಿನ ಬಡವರಿಗೆ ಹಿಟ್ಟು, ಅಕ್ಕಿ ಕಳಿಸಿದರು. 1849ರ ಮೇ 22ರಂದು ಮರಿಯಾ ಎಡ್ಜ್‌ವರ್ತ್ಸ್‌ಟೌನಿನಲ್ಲೇ ನಿಧನರಾದರು.

ಬೋಧನಾಭ್ಯಾಸದಲ್ಲಿ ಎಂಟನೆಯ ತರಗತಿಗೆ ದಹನದ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಮೇಣದಬತ್ತಿಯನ್ನು ಓರೆ ಹಿಡಿದರೂ ಜ್ವಾಲೆ ಏಕೆ ಮೇಲಕ್ಕೇ ಹೋಗುತ್ತದೆ ಎಂದು ಕೇಳಿದ. ಅದು ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ. ಆಮೇಲೆ ಹೇಳುತ್ತೇನೆ ಎಂದೆ, ಹೇಳಲಿಲ್ಲ. ಮರಿಯಾ ಅವರ ಜೀವನವನ್ನು ಓದಿದ ಮೇಲೆ ಪ್ರತಿ ಪಾಠ ಯೋಜನೆಯ ಕೊನೆಯಲ್ಲಿ ಒಂದು ಪುಟವನ್ನು ಮಕ್ಕಳ ಪ್ರಶ್ನೆಗಳಿಗೆ ಖಾಲಿ ಬಿಡುತ್ತಿದ್ದೇನೆ. ಮೊದಲ ಪುಟದ ಮೊದಲ ಸಾಲಿನಲ್ಲಿ ಆ ಜ್ವಾಲೆಯ ಪ್ರಶ್ನೆಯಿದೆ. ಸಹಪಾಠಿ ಪ್ರಶಿಕ್ಷಣಾರ್ಥಿಗಳೂ ಇದನ್ನು ಮಾಡಿ ನೋಡಬಹುದು.