ಪೂರ್ಣಚಂದ್ರ ತೇಜಸ್ವಿ ಮತ್ತು ಕನ್ನಡ ತಂತ್ರಾಂಶ

ಕುಪ್ಪಳಿ ಪುಟ್ಟಪ್ಪ ಪೂರ್ಣಚಂದ್ರ ತೇಜಸ್ವಿ (8 ಸೆಪ್ಟೆಂಬರ್ 1938 – 5 ಏಪ್ರಿಲ್ 2007) ಕನ್ನಡದ ಪ್ರಮುಖ ಕಾದಂಬರಿಕಾರರು, ಕಥೆಗಾರರು ಹಾಗೂ ಛಾಯಾಗ್ರಾಹಕರು. ಕಂಪ್ಯೂಟರಿನಲ್ಲಿ ಕನ್ನಡದ ಬಳಕೆ ಒಂದೇ ಶಿಷ್ಟತೆಗೆ ಒಳಪಡಬೇಕೆಂದು ಒತ್ತಾಯಿಸಿದ ಸಾಹಿತಿಗಳಲ್ಲಿ ಇವರು ಮೊದಲಿಗರ ಸಾಲಿನಲ್ಲಿದ್ದಾರೆ.

ಜೀವನ

ತೇಜಸ್ವಿಯವರು ಶಿವಮೊಗ್ಗ ಜಿಲ್ಲೆಯಲ್ಲಿ ಜನಿಸಿದರು. ತಂದೆ ರಾಷ್ಟ್ರಕವಿ ಕುವೆಂಪು, ತಾಯಿ ಹೇಮಾವತಿ. ಮೈಸೂರಿನಲ್ಲಿ ಸ್ನಾತಕೋತ್ತರ ಪದವಿ ಪಡೆದ ನಂತರ ಅಧ್ಯಾಪನ ವೃತ್ತಿಯನ್ನು ಆರಿಸಿಕೊಳ್ಳದೆ, ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಕಾಫಿ ಕೃಷಿಕರಾಗಿ ನೆಲೆಸಿದರು. 'ಕರ್ವಾಲೊ', 'ಜುಗಾರಿ ಕ್ರಾಸ್' ಇವರ ಜನಪ್ರಿಯ ಕಾದಂಬರಿಗಳು. 'ಚಿದಂಬರ ರಹಸ್ಯ' ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು.

ಹಳೆಯ ತಂತ್ರಾಂಶಗಳ ಸಮಸ್ಯೆ

ಆರಂಭದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸುತ್ತಿದ್ದವು. ಒಂದು ಫಾಂಟಿನಲ್ಲಿ ಲಭ್ಯವಿದ್ದ ಸ್ಥಾನಗಳು 256 ಮಾತ್ರ. ಅವುಗಳನ್ನು ಹಂಚಿಕೊಳ್ಳುವ ಕ್ರಮ ತಯಾರಕರಿಂದ ತಯಾರಕರಿಗೆ ಬೇರೆಯಾಗಿತ್ತು. ಕೋಲಾರದಲ್ಲಿ 'ಶ್ರೀಲಿಪಿ' ಬಳಸಿ ಸಿದ್ಧಪಡಿಸಿದ ಕಡತವನ್ನು ಮುಳಬಾಗಿಲಿನಲ್ಲಿ 'ನುಡಿ' ಮಾತ್ರ ಇರುವ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತಿದ್ದವು. ಇಂತಹ ಪಠ್ಯದಲ್ಲಿ ಪದಗಳನ್ನು ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಕಷ್ಟವಾಗಿತ್ತು.

1991ರಲ್ಲಿ ಪ್ರಕಟವಾದ ಯುನಿಕೋಡ್ ಶಿಷ್ಟತೆಯು ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವನ್ನು ನೀಡಿತು. ಆದರೆ ವಿಂಡೋಸ್ 98ರಂತಹ ಹಳೆಯ ವ್ಯವಸ್ಥೆಗಳು ಯುನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುತ್ತಿರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯು 'ತುಂಗಾ' ಫಾಂಟಿನೊಂದಿಗೆ ಈ ಸೌಲಭ್ಯವನ್ನು ಒದಗಿಸಿತು. ಹೀಗೆ ಹೊಸ ಪಠ್ಯ ಹಳೆಯ ಕಂಪ್ಯೂಟರಿಗೂ, ಹಳೆಯ ಪಠ್ಯ ಹೊಸ ತಂತ್ರಾಂಶಕ್ಕೂ ಹೊಂದದ ಸ್ಥಿತಿ ಉಂಟಾಯಿತು.

ತೇಜಸ್ವಿಯವರ ಪಾತ್ರ

ಕಂಪ್ಯೂಟರಿನಲ್ಲಿ ಬಳಸಲಾಗದ ಭಾಷೆ ಆಡಳಿತ ಮತ್ತು ಶಿಕ್ಷಣದಿಂದ ಕ್ರಮೇಣ ಹೊರಗುಳಿಯುತ್ತದೆ ಎಂಬುದು ತೇಜಸ್ವಿಯವರ ಕಳವಳವಾಗಿತ್ತು. ತಂತ್ರಾಂಶಗಳು ಎಷ್ಟೇ ಇದ್ದರೂ ಅವುಗಳಲ್ಲಿ ಬರೆದದ್ದು ಪರಸ್ಪರ ಓದುವಂತಿರಬೇಕು ಎಂಬ ನಿಲುವನ್ನು ಅವರು ತಳೆದಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹೊರತಂದ 'ಕುವೆಂಪು' ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು.

ನಂತರದ ಬೆಳವಣಿಗೆ

ತೇಜಸ್ವಿಯವರು 2007ರಲ್ಲಿ ಮೂಡಿಗೆರೆಯ ತಮ್ಮ ಮನೆಯಲ್ಲಿ ನಿಧನರಾದರು. ನಂತರದ ವರ್ಷಗಳಲ್ಲಿ ಕರ್ನಾಟಕ ಸರ್ಕಾರವು ಯುನಿಕೋಡ್ ಅನ್ನು ಅಂಗೀಕರಿಸಿತು. ಹಳೆಯ ಕಡತಗಳನ್ನು ಉಳಿಸಿಕೊಳ್ಳಲು ಪರಿವರ್ತಕ ತಂತ್ರಾಂಶಗಳು ಬಳಕೆಗೆ ಬಂದವು. ಆದರೆ ಪರಿವರ್ತನೆ ಸಂಪೂರ್ಣ ದೋಷರಹಿತವಲ್ಲ. ಉದಾಹರಣೆಗೆ, ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ದಾಖಲಾಗುತ್ತದೆ. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ 'ರ' ಕಾರ ಮೊದಲು ಬರುತ್ತದೆ. ಆದ್ದರಿಂದ ಪರಿವರ್ತಿಸಿದ ಪಠ್ಯದ ಕರಡನ್ನು ಮತ್ತೆ ತಿದ್ದಬೇಕಾಗುತ್ತದೆ. ಪುಟವಿನ್ಯಾಸಕ್ಕೆ ಬಳಸುವ ಪೇಜ್‌ಮೇಕರ್ ಯುನಿಕೋಡ್ ಕನ್ನಡಕ್ಕೆ ಹೊಂದದ ಕಾರಣ ಮುದ್ರಣಾಲಯಗಳಲ್ಲಿ ಹಳೆಯ ಫಾಂಟುಗಳು ಬಹುಕಾಲ ಉಳಿದವು. ಅಂತಹ ಕಡತಗಳಲ್ಲಿರುವ ಪುಸ್ತಕಗಳು ಪರಿವರ್ತನೆಗೊಳ್ಳುವವರೆಗೆ ಅಂತರಜಾಲದ ಹುಡುಕಾಟಕ್ಕೆ ಸಿಗುವುದಿಲ್ಲ.